ಕಾಲಿಗೆ ಕಟ್ಟಿದ ಚೀಟಿ

ಮೈಸೂರಿಗೆ ಹೋದವರು ಅರಮನೆಯಷ್ಟೇ ಕಡ್ಡಾಯವಾಗಿ ನೋಡಿಬರುವ ಇನ್ನೊಂದು ಜಾಗ ಅಲ್ಲಿನ ಮೃಗಾಲಯ. ಆನೆ, ಜಿರಾಫೆ, ಹುಲಿ, ಹಾವು ಎಲ್ಲ ಮುಗಿದು ಮಕ್ಕಳು ಕಾಲು ನೋವೆಂದು ಅಳುವ ಹೊತ್ತಿಗೆ ಕಾರಂಜಿ ಕೆರೆಯ ಕಡೆ ತಿರುಗುವವರೂ ಉಂಟು. ಅದೇ ಕೆರೆಯ ದಂಡೆಯ ಮೇಲೆ 1995ರಲ್ಲಿ ತೆರೆದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವೊಂದಿದೆ. ಝೂ ನೋಡಿದವರೆಲ್ಲ ಅಲ್ಲಿಗೆ ಹೋಗುವುದಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ಉಸಿರಾಡುವ ಹುಲಿಯನ್ನು ಈಗಷ್ಟೇ ಕಣ್ಣಾರೆ ನೋಡಿದ ಮೇಲೆ ಗಾಜಿನ ಹಿಂದೆ ನಿಲ್ಲಿಸಿದ ಪ್ರಾಣಿಗಳನ್ನು ನೋಡಿ ಆಗಬೇಕಾದದ್ದೇನು?

ವನ್ಯಜೀವಿಗಳ ಹುಚ್ಚು ಹತ್ತಿದವರು ಈ ಪ್ರಶ್ನೆ ಕೇಳುವುದಿಲ್ಲ. ಅವರಿಗೆ ಎರಡೂ ಬೇಕು. ಇತಿಹಾಸ ನೋಡಿದರೂ ಈ ಎರಡು ಮನೆಗಳು ಬೇರೆ ಬೇರೆಯಲ್ಲ, ಒಂದೇ ಅಂಗಳದಲ್ಲಿ ಹುಟ್ಟಿ ಆಮೇಲೆ ಪಾಲಾದವು. ಮದರಾಸಿನ ಉದಾಹರಣೆ ನೋಡಿ. ಅಲ್ಲಿ 1851ರಲ್ಲಿ ಸರ್ಕಾರಿ ಮ್ಯೂಸಿಯಂ ಆರಂಭವಾದಾಗ ಅದರ ಉಸ್ತುವಾರಿ ಹೊತ್ತವನು ಎಡ್ವರ್ಡ್ ಬಾಲ್ಫರ್ ಎಂಬ ಸೈನ್ಯದ ವೈದ್ಯ. ಮ್ಯೂಸಿಯಮ್ಮಿನ ಆವರಣದಲ್ಲಿ ಒಂದು ಹುಲಿಮರಿಯನ್ನೂ ಒಂದು ಚಿರತೆಯನ್ನೂ ಕಟ್ಟಿಹಾಕಿದ್ದೇ ತಡ, ಜನ ಮುಗಿಬಿದ್ದರು. ಬಾಲ್ಫರ್ ಇದನ್ನು ಗಮನಿಸಿದ. ಕರ್ನಾಟಿಕ್ ನವಾಬರ ಮನವೊಲಿಸಿ ಅವರಲ್ಲಿದ್ದ ಪ್ರಾಣಿಗಳನ್ನೆಲ್ಲ ತರಿಸಿಕೊಂಡು 1855ರಲ್ಲಿ ಅದೇ ಆವರಣದಲ್ಲಿ ಮೃಗಾಲಯವನ್ನೇ ತೆರೆದುಬಿಟ್ಟ. ವರ್ಷದೊಳಗೆ ಮುನ್ನೂರಕ್ಕೂ ಹೆಚ್ಚು ಪ್ರಾಣಿಗಳಾದವು. ಜನ ಬಂದದ್ದು ಜೀವಂತ ಹುಲಿಯನ್ನು ನೋಡಲು. ಬಂದ ಮೇಲೆ ಒಳಗಿನ ಕಲ್ಲು, ಮೂಳೆ, ಚಿಪ್ಪುಗಳ ಕಡೆಗೂ ಕಣ್ಣು ಹಾಯಿಸಿದರು. 1863ರಲ್ಲಿ ಮೃಗಾಲಯ ಪೀಪಲ್ಸ್ ಪಾರ್ಕಿಗೆ ಹೋಯಿತು, 1985ರಲ್ಲಿ ವಂಡಲೂರಿಗೆ. ಮ್ಯೂಸಿಯಂ ಮಾತ್ರ ಪಾಂಥಿಯನ್ ರಸ್ತೆಯಲ್ಲೇ ಉಳಿಯಿತು. 1865ರಲ್ಲಿ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸ್ಥಾಪನೆಯಾದಾಗ ಮಾರ್ಗದರ್ಶನ ಮಾಡಿದವನೂ ಇದೇ ಬಾಲ್ಫರ್. ಮೈಸೂರಿನ ಮೃಗಾಲಯ ಬಂದದ್ದು ತಡವಾಗಿ, 1892ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ.

ಹತ್ತಿ ತುಂಬಿದ ಪ್ರಾಣಿಗಳು ಒಬ್ಬ ಮನುಷ್ಯನ ಬದುಕನ್ನೇ ತಿರುಗಿಸಬಲ್ಲವು ಎಂಬುದಕ್ಕೆ ನಮ್ಮ ದೇಶದಲ್ಲಿ ಪ್ರಸಿದ್ಧವಾದ ಸಾಕ್ಷಿ ಸಲೀಂ ಅಲಿಯವರದು. 1908ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಏರ್‌ಗನ್ನಿನಿಂದ ಅವರು ಹೊಡೆದ ಗುಬ್ಬಿಯೊಂದರ ಕತ್ತಿನ ಮೇಲೆ ಹಳದಿ ಮಚ್ಚೆಯಿತ್ತು. ಯಾವ ಹಕ್ಕಿಯೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಹುಡುಗ ಅದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದ. ಅಲ್ಲಿನ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲರ್ಡ್ ಹಕ್ಕಿಯ ಹೆಸರು ಹೇಳಿದ್ದಷ್ಟೇ ಅಲ್ಲ, ಕಪಾಟಿನ ಖಾನೆಗಳನ್ನು ಒಂದೊಂದಾಗಿ ಎಳೆದು ಸಾಲುಸಾಲು ಹಕ್ಕಿಗಳನ್ನು ತೋರಿಸಿದ. ಮುಂದಿನದು ಎಲ್ಲರಿಗೂ ಗೊತ್ತು. ಇದೇ ಸಲೀಂ ಅಲಿ ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೂ ಮಾಡಿದರು.

ಹುಡುಗನಿಗೆ ಮಿಲ್ಲರ್ಡ್ ತೋರಿಸಿದ್ದು ಸಾರ್ವಜನಿಕರು ನೋಡುವ ಗಾಜಿನ ಪೆಟ್ಟಿಗೆಯನ್ನಲ್ಲ, ಖಾನೆಗಳನ್ನು ಎಂಬುದನ್ನು ಗಮನಿಸಬೇಕು. ಮ್ಯೂಸಿಯಮ್ಮಿನಲ್ಲಿ ನಮಗೆ ಕಾಣುವುದು ಅಂಗಡಿಯ ಮುಂಭಾಗ. ನಿಜವಾದ ದಾಸ್ತಾನು ಹಿಂದಿನ ಕೋಣೆಗಳಲ್ಲಿರುತ್ತದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಸುಮಾರು 8 ಕೋಟಿ ವಸ್ತುಗಳಿವೆ. ಪ್ರದರ್ಶನಕ್ಕಿರುವುದು ಅದರಲ್ಲೊಂದು ಚಿಟಿಕೆ. ಖಾನೆಯೊಳಗಿನ ಹಕ್ಕಿಗಳು ನೋಡಲು ಚೆಂದವೇನಲ್ಲ. ರೆಕ್ಕೆ ಬಿಚ್ಚಿ ಹಾರುವ ಭಂಗಿ ಇರುವುದಿಲ್ಲ, ಗಾಜಿನ ಕಣ್ಣು ಇರುವುದಿಲ್ಲ. ಬೆನ್ನ ಮೇಲೆ ಅಂಗಾತ ಮಲಗಿ, ಕಣ್ಣ ಗುಳಿಯಲ್ಲಿ ಹತ್ತಿ ಇಟ್ಟುಕೊಂಡು, ಕಾಲುಗಳನ್ನು ಜೋಡಿಸಿಕೊಂಡಿರುತ್ತವೆ. ಆ ಕಾಲಿಗೆ ದಾರದಲ್ಲಿ ಒಂದು ಚೀಟಿ. ಎಲ್ಲಿ ಸಿಕ್ಕಿತು, ಯಾವ ದಿನ, ಗಂಡೋ ಹೆಣ್ಣೋ, ಹಿಡಿದವರು ಯಾರು - ಇಷ್ಟೇ ಬರಹ. ವಿಜ್ಞಾನಿಗೆ ಹಕ್ಕಿಯಷ್ಟೇ ಈ ಚೀಟಿಯೂ ಬೇಕು. ಚೀಟಿ ಹರಿದುಹೋದರೆ ಹಕ್ಕಿ ಹತ್ತಿ ತುಂಬಿದ ಬೊಂಬೆ.

ಚೀಟಿ ಸುಳ್ಳಾದರೆ ಏನಾಗುತ್ತದೆ? ಅದಕ್ಕೆ ಭಾರತದ ಒಂದು ಪುಟ್ಟ ಗೂಬೆಯ ಕತೆ ಹೇಳಬೇಕು.

ನಮ್ಮ ಹಳ್ಳಿಗಳ ಹುಣಸೆ, ಆಲದ ಮರಗಳ ಪೊಟರೆಯಲ್ಲಿ ಕೂತು ಸಂಜೆ ಕಿಚಕಿಚಗುಟ್ಟುವ, ಬುಡುಬುಡಿಕೆಯವರ ಶಕುನದಲ್ಲಿ ಬರುವ ಹಾಲಕ್ಕಿಯನ್ನು ನೀವು ನೋಡಿರಬಹುದು. ಅದಕ್ಕೆ ಕಾಡಿನ ದಾಯಾದಿಯೊಂದಿದೆ. ಇಂಗ್ಲಿಷಿನಲ್ಲಿ ಫಾರೆಸ್ಟ್ ಔಲೆಟ್ ಎನ್ನುತ್ತಾರೆ. ಮಧ್ಯಭಾರತದ ಒಣಕಾಡಿನ ಹಕ್ಕಿ. 1872ರಲ್ಲಿ ಬ್ಲೂವಿಟ್ ಎಂಬಾತ ಇಂದಿನ ಛತ್ತೀಸಗಢದ ಕಡೆ ಅದನ್ನು ಮೊದಲು ಹಿಡಿದ; ಮರುವರ್ಷ ಎ.ಒ. ಹ್ಯೂಮ್ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಕಾಂಗ್ರೆಸ್ಸಿನ ಸ್ಥಾಪಕರ ಪಟ್ಟಿಯಲ್ಲಿ ಬರುವ ಹ್ಯೂಮನೇ ಈತ, ಹಕ್ಕಿಗಳ ವಿಷಯದಲ್ಲಿ ಆತ ರಾಜಕೀಯಕ್ಕಿಂತ ಹೆಚ್ಚು ದುಡಿದಿದ್ದನೆಂದರೆ ತಪ್ಪಿಲ್ಲ. ಆಮೇಲೆ ಜೇಮ್ಸ್ ಡೇವಿಡ್‌ಸನ್ ಎಂಬ ಸಿವಿಲ್ ಅಧಿಕಾರಿ ಪಶ್ಚಿಮ ಖಾನದೇಶದ ಶಹಾದಾ ಸುತ್ತಿನಲ್ಲಿ ಇನ್ನಷ್ಟು ಹಕ್ಕಿಗಳನ್ನು ಸಂಗ್ರಹಿಸಿದ. 1884ರ ನಂತರ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಪ್ರಪಂಚದ ಮ್ಯೂಸಿಯಂಗಳಲ್ಲೆಲ್ಲ ಹುಡುಕಿದರೂ ಬೆರಳೆಣಿಕೆಯಷ್ಟು ತೊಗಲು, ಅಷ್ಟೇ.

ಒಂದು ಅಪವಾದವಿತ್ತು. ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್‌ನ ಸಂಗ್ರಹದಲ್ಲಿದ್ದ ಒಂದು ಗೂಬೆಯ ಚೀಟಿಯಲ್ಲಿ ಗುಜರಾತಿನ ಮಾಂಡವಿ, 1914 ಎಂದು ಬರೆದಿತ್ತು. ಯುದ್ಧವೀರ, ಗೂಢಚಾರ, ಪಕ್ಷಿತಜ್ಞ ಎಂದೆಲ್ಲ ಹೆಸರಾದವನು. ಅವನ ಮಾತನ್ನು ಸಂದೇಹಿಸುವವರು ಕಡಿಮೆ. ಹಾಗಾಗಿ ಹಕ್ಕಿ ತಪತಿ ನದಿಯ ಕೆಳಭಾಗದವರೆಗೂ ಇತ್ತು, 1914ರವರೆಗೂ ಬದುಕಿತ್ತು ಎಂದು ಪುಸ್ತಕಗಳು ಬರೆದುಕೊಂಡವು. ಸಲೀಂ ಅಲಿ, ಡಿಲಾನ್ ರಿಪ್ಲೆಯಂಥ ಘಟಾನುಘಟಿಗಳು ಹುಡುಕಿ ಸೋತರು.

1990ರ ದಶಕದಲ್ಲಿ ಅಮೆರಿಕದ ಪಮೇಲಾ ರಾಸ್ಮುಸೆನ್ ದಕ್ಷಿಣ ಏಷ್ಯಾದ ಹಕ್ಕಿಗಳ ಬಗ್ಗೆ ಕೈಪಿಡಿ ಸಿದ್ಧಪಡಿಸುತ್ತ ಮ್ಯೂಸಿಯಂಗಳ ಖಾನೆಗಳನ್ನು ಎಳೆಯತೊಡಗಿದರು. ಮೈನರ್ಟ್ಸ್‌ಹಾಗನ್‌ನ ಹಕ್ಕಿಗಳಲ್ಲಿ ಏನೋ ಸರಿಯಿಲ್ಲವೆಂಬ ಗುಮಾನಿ ಮೊದಲೇ ಇತ್ತು. ಮ್ಯೂಸಿಯಮ್ಮಿನ ಹಕ್ಕಿಗಳನ್ನು ಹೇಳದೆ ಒಯ್ದನೆಂದು ಒಮ್ಮೆ ಅವನನ್ನು ಅಲ್ಲಿನ ಪಕ್ಷಿ ವಿಭಾಗದಿಂದ ಹೊರಗಿಟ್ಟದ್ದೂ ಉಂಟು. ರಾಸ್ಮುಸೆನ್ ಆ ಗೂಬೆಯನ್ನು ಎಕ್ಸ್-ರೇಗೆ ಒಡ್ಡಿದರು, ತುಂಬಿದ ಹತ್ತಿಯನ್ನೂ ಹೊಲಿಗೆಯನ್ನೂ ಪರೀಕ್ಷಿಸಿದರು. ಒಬ್ಬೊಬ್ಬ ದರ್ಜಿಗೆ ಒಂದೊಂದು ಕೈವಾಡವಿರುವಂತೆ ಹಕ್ಕಿ ತುಂಬುವವರಿಗೂ ಇರುತ್ತದೆ. ಮೇಲೆ ಮೇಲೆ ತಿದ್ದಿ ಹೊಸದಾಗಿ ಹೊಲಿದಿದ್ದರೂ ಒಳಗಿನ ಕೈ ಡೇವಿಡ್‌ಸನ್ನನದು! ಕರ್ನಲ್ ಸಾಹೇಬರು ಬ್ರಿಟಿಷ್ ಮ್ಯೂಸಿಯಮ್ಮಿನಿಂದಲೇ ಡೇವಿಡ್‌ಸನ್ನನ ಹಕ್ಕಿಯನ್ನು ಎಗರಿಸಿ, ಹಳೆಯ ಚೀಟಿ ಕಿತ್ತು, ತಮ್ಮ ಚೀಟಿ ಕಟ್ಟಿದ್ದರು. ಆತ ತೀರಿಕೊಂಡು ಆಗಲೇ ಮೂವತ್ತು ವರ್ಷವಾಗಿತ್ತು.

ಇಲ್ಲಿಯವರೆಗಿನದು ಪತ್ತೇದಾರಿ. ಮುಂದಿನದರಿಂದಲೇ ಕತೆಗೆ ಬೆಲೆ. ಸುಳ್ಳು ಚೀಟಿಯನ್ನು ಪಕ್ಕಕ್ಕಿಟ್ಟ ರಾಸ್ಮುಸೆನ್ ನಿಜವಾದ ಚೀಟಿಗಳಲ್ಲಿದ್ದ ಊರುಗಳನ್ನು ಪಟ್ಟಿಮಾಡಿಕೊಂಡು, ಬೆನ್ ಕಿಂಗ್ ಮತ್ತು ಡೇವಿಡ್ ಅಬಟ್ ಎಂಬ ಇಬ್ಬರು ಪಕ್ಷಿವೀಕ್ಷಕರೊಂದಿಗೆ 1997ರ ನವೆಂಬರಿನಲ್ಲಿ ಭಾರತಕ್ಕೆ ಬಂದರು. ಪೂರ್ವದ ಕಾಡುಗಳಲ್ಲಿ ಏನೂ ಸಿಗಲಿಲ್ಲ. ನವೆಂಬರ್ 25ರ ಬೆಳಿಗ್ಗೆ, ಡೇವಿಡ್‌ಸನ್ ಬರೆದಿಟ್ಟಿದ್ದ ಅದೇ ಶಹಾದಾದ ಬಳಿ, ಹಗಲು ಬೆಳಕಿನಲ್ಲಿ, ಬೋಳು ಮರವೊಂದರ ಮೇಲೆ ಗೂಬೆ ಕೂತಿತ್ತು. 113 ವರ್ಷಗಳಿಂದ ಸತ್ತುಹೋಗಿದೆಯೆಂದು ಭಾವಿಸಿದ್ದ ಹಕ್ಕಿ! ಅಲ್ಲಿಂದೀಚೆಗೆ ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತುಗಳ ಹಲವು ಕಾಡುಗಳಲ್ಲಿ ಅದು ಕಂಡಿದೆ.

ಅಂದಹಾಗೆ, ಈ ಡೇವಿಡ್‌ಸನ್ ಕನ್ನಡ ನಾಡಿಗೂ ಸಂಬಂಧಪಟ್ಟವನು. ಖಾನದೇಶದ ನಂತರ ಉತ್ತರ ಕನ್ನಡದ ಕಲೆಕ್ಟರಾಗಿ ಕಾರವಾರದಲ್ಲಿದ್ದ. ಅಲ್ಲಿ ಟಿ.ಆರ್. ಬೆಲ್, ಇ.ಎಚ್. ಏಟ್ಕನ್ ಎಂಬ ಇನ್ನಿಬ್ಬರು ಅಧಿಕಾರಿಗಳ ಜೊತೆ ಸೇರಿ ಜಿಲ್ಲೆಯ ಚಿಟ್ಟೆಗಳ ಕಂಬಳಿಹುಳುಗಳನ್ನು ಸಾಕಿ, ಯಾವ ಹುಳು ಯಾವ ಎಲೆ ತಿನ್ನುತ್ತದೆ ಎಂದು ಬರೆದಿಟ್ಟ. ಕಂದಾಯ ವಸೂಲಿಯ ನಡುವೆ ಇದಕ್ಕೆಲ್ಲ ಅವರಿಗೆ ಪುರುಸೊತ್ತು ಎಲ್ಲಿತ್ತೋ!

ಈಗ ಮೃಗಾಲಯದ ಕಡೆ ಬರೋಣ. ಮೃಗಾಲಯದಲ್ಲಿ ಸತ್ತ ಪ್ರಾಣಿ ಮ್ಯೂಸಿಯಮ್ಮಿಗೆ ಹೋಗುವುದು ಯುರೋಪ್, ಅಮೆರಿಕಗಳಲ್ಲಿ ಹಳೆಯ ಪದ್ಧತಿ. ಲಂಡನ್ ಝೂನ ಪ್ರಸಿದ್ಧ ಗೊರಿಲ್ಲಾ ಗೈ, ಪಾಂಡಾ ಚಿಚಿ ಇಬ್ಬರೂ ಈಗ ಅಲ್ಲಿನ ಮ್ಯೂಸಿಯಮ್ಮಿನಲ್ಲಿದ್ದಾರೆ. ಆದರೆ ಸತ್ತದ್ದು ತನ್ನ ಕುಲದ ಕೊನೆಯ ಪ್ರಾಣಿಯಾಗಿದ್ದರೆ? ಅಮೆರಿಕದ ಪ್ಯಾಸೆಂಜರ್ ಪಾರಿವಾಳಗಳು ಒಂದು ಕಾಲಕ್ಕೆ ಸೂರ್ಯನನ್ನು ಮರೆಮಾಡುವಷ್ಟು ದಟ್ಟವಾಗಿ ಹಾರುತ್ತಿದ್ದವು. ಬಂದೂಕು, ಬಲೆ, ರೈಲು, ಮಾರುಕಟ್ಟೆ ಸೇರಿ ಕೆಲವೇ ದಶಕಗಳಲ್ಲಿ ಅವನ್ನು ಮುಗಿಸಿದವು. ಕೊನೆಯದು ಮಾರ್ಥಾ ಎಂಬ ಹೆಣ್ಣು, ಸಿನ್ಸಿನಾಟಿ ಮೃಗಾಲಯದಲ್ಲಿ 1914ರ ಸೆಪ್ಟೆಂಬರ್ 1ರಂದು ಸತ್ತಿತು. ಅದು ಕೊನೆಯದೆಂದು ಎಲ್ಲರಿಗೂ ಗೊತ್ತಿತ್ತು. ಸುಮಾರು 300 ಪೌಂಡಿನ ಮಂಜುಗಡ್ಡೆಯೊಳಗೆ ಹುದುಗಿಸಿ ರೈಲಿನಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ಗೆ ಕಳಿಸಿದರು.

ಕ್ವಾಗ್ಗಾಕ್ಕೆ ಆ ಮರ್ಯಾದೆಯೂ ಸಿಗಲಿಲ್ಲ. ಮುಂಭಾಗಕ್ಕೆ ಜೀಬ್ರಾದ ಪಟ್ಟೆ, ಹಿಂಭಾಗ ಕುದುರೆಯಂತೆ ಕಂದು ಬಣ್ಣವಿದ್ದ ದಕ್ಷಿಣ ಆಫ್ರಿಕದ ಈ ಪ್ರಾಣಿಯ ಕೊನೆಯ ಹೆಣ್ಣು 1883ರ ಆಗಸ್ಟ್ 12ರಂದು ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಸತ್ತಾಗ ಅದು ಕೊನೆಯದೆಂದು ಯಾರಿಗೂ ಹೊಳೆಯಲಿಲ್ಲ. ಇನ್ನೊಂದು ಕಳಿಸಿಕೊಡಿ ಎಂದು ಕೇಳಿಕೊಂಡರಂತೆ! ದಕ್ಷಿಣ ಆಫ್ರಿಕದ ಬೋಯರ್ ರೈತರು ಎಲ್ಲ ಜೀಬ್ರಾಗಳನ್ನೂ ಕ್ವಾಗ್ಗಾ ಎಂದೇ ಕರೆಯುತ್ತಿದ್ದುದರಿಂದ ಹೆಸರು ಉಳಿದಿತ್ತು, ಪ್ರಾಣಿ ಹೋಗಿತ್ತು. ಇಂದು ಉಳಿದಿರುವ ಚರ್ಮಗಳು 23 ಮಾತ್ರ. ಅವು ಧೂಳು ತಿನ್ನುತ್ತ ನಿಂತು ನೂರು ವರ್ಷವಾದ ಮೇಲೆ ಅವುಗಳಿಗೆ ಹೊಸ ಕೆಲಸ ಬಂತು. ಕೇಪ್‌ಟೌನಿನ ಮ್ಯೂಸಿಯಮ್ಮಿನಲ್ಲಿ ಪ್ರಾಣಿ ತುಂಬುವ ಕೆಲಸದಲ್ಲಿದ್ದ ರೈನ್‌ಹೋಲ್ಡ್ ರಾವ್ ಹಳೆಯ ಕ್ವಾಗ್ಗಾಗಳನ್ನು ಬಿಚ್ಚಿ ಹೊಸದಾಗಿ ತುಂಬುವಾಗ ಚರ್ಮದ ಒಳಗೆ ಒಣಮಾಂಸದ ಚೂರು ಅಂಟಿಕೊಂಡದ್ದನ್ನು ಕಂಡು ಎಸೆಯದೆ ತೆಗೆದಿಟ್ಟ. ಜರ್ಮನಿಯ ಮೈಂಟ್ಸ್ ಮ್ಯೂಸಿಯಮ್ಮಿನ ಕ್ವಾಗ್ಗಾದ ಅಂಥ ಚೂರಿನಿಂದ ಬರ್ಕ್ಲಿಯ ವಿಜ್ಞಾನಿಗಳು 1984ರಲ್ಲಿ ಡಿಎನ್‌ಎ ತೆಗೆದರು. ವಂಶನಾಶವಾದ ಪ್ರಾಣಿಯೊಂದರ ಡಿಎನ್‌ಎ ಓದಿದ್ದು ಅದೇ ಮೊದಲು. ಕ್ವಾಗ್ಗಾ ಇಂದಿನ ಬಯಲು ಜೀಬ್ರಾದ ತೀರ ಹತ್ತಿರದ ಬಂಧು ಎಂದು ತಿಳಿಯಿತು. ಹಳೆಯ ತೊಗಲನ್ನು ಕಾಪಾಡಿಕೊಂಡು ಏನು ಪ್ರಯೋಜನ ಎನ್ನುವವರಿಗೆ ಇದೊಂದನ್ನು ಹೇಳಿದರೆ ಸಾಕು ಎಂದು ನನ್ನ ಭಾವನೆ.

ಟಾಸ್ಮೇನಿಯದ ಥೈಲಸೀನ್‌ನದು ಇನ್ನೂ ವಿಚಿತ್ರ. ಬೆನ್ನಿನ ಮೇಲೆ ಹುಲಿಯಂತೆ ಪಟ್ಟೆ, ನಾಯಿಯಂಥ ಮುಖ, ಕಾಂಗರೂವಿನಂತೆ ಮರಿ ಸಾಕುವ ಚೀಲ. ಕುರಿ ತಿನ್ನುತ್ತದೆಂದು ತಲೆಗೆ ಇನಾಮು ಕೊಟ್ಟು ಕೊಲ್ಲಿಸಿದರು. ಕೊನೆಯದು ಹೋಬಾರ್ಟ್ ಮೃಗಾಲಯದಲ್ಲಿ 1936ರ ಸೆಪ್ಟೆಂಬರ್ 7ರಂದು ಸತ್ತಿತು. ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕು ಎರಡು ತಿಂಗಳೂ ಆಗಿರಲಿಲ್ಲ. ದೇಹ ಮ್ಯೂಸಿಯಮ್ಮಿಗೆ ಬಂದ ದಾಖಲೆ ಸಿಗದಿದ್ದರಿಂದ ಎಸೆದಿರಬೇಕೆಂದು ಎಲ್ಲರೂ ನಂಬಿದ್ದರು. 2022ರಲ್ಲಿ ರಾಬರ್ಟ್ ಪ್ಯಾಡಲ್ ಮತ್ತು ಕ್ಯಾಥರಿನ್ ಮೆಡ್ಲಾಕ್ ಎಂಬ ಸಂಶೋಧಕರು, ಪ್ರಾಣಿ ತುಂಬುವವನೊಬ್ಬನ ಅಪ್ರಕಟಿತ ವರದಿಯ ಸುಳಿವು ಹಿಡಿದು ಹುಡುಕಿದಾಗ, ಅದು ಟಾಸ್ಮೇನಿಯದ ಮ್ಯೂಸಿಯಮ್ಮಿನ ಕಪಾಟಿನಲ್ಲೇ ಇತ್ತು. ಅಷ್ಟು ದಿನ ಅದರ ಚರ್ಮವನ್ನು ಶಾಲೆಗಳಿಗೆ ಒಯ್ದು ಮಕ್ಕಳಿಗೆ ತೋರಿಸುತ್ತಿದ್ದರು! ಎಷ್ಟು ಮಕ್ಕಳು ಅದರ ಮೇಲೆ ಕೈಯಾಡಿಸಿದರೋ, ಅದು ತನ್ನ ಕುಲದ ಕೊನೆಯದೆಂದು ಹಿಡಿದ ಮಾಸ್ತರಿಗೂ ಗೊತ್ತಿರಲಿಲ್ಲ. ಮೃಗಾಲಯ ಅದನ್ನು ಕೊಂಡದ್ದನ್ನು ಬರೆದಿಡದಿದ್ದಕ್ಕೆ ಕಾರಣವೂ ಇತ್ತು: ಉರುಳು ಒಡ್ಡಿ ಹಿಡಿಯುವುದು ಕಾನೂನಿಗೆ ವಿರುದ್ಧ, ಬರೆದರೆ ಹಿಡಿದು ತಂದವನಿಗೆ ದಂಡ ಬೀಳುತ್ತಿತ್ತು. ಒಬ್ಬನ ದಂಡ ಉಳಿಸಲು ಬರೆಯದೆ ಬಿಟ್ಟ ಒಂದು ಸಾಲನ್ನು ಹುಡುಕಲು 86 ವರ್ಷ ಹಿಡಿಯಿತು.

ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಮೃಗಾಲಯಗಳಲ್ಲೇ ನಿದರ್ಶನವಿದೆ. ಯುರೋಪಿನ ಬೈಸನ್, ಅಂದರೆ ನಮ್ಮ ಕಾಟಿಯ ದೂರದ ನೆಂಟ, 1927ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿಯಲಿಲ್ಲ. ಮೃಗಾಲಯಗಳಲ್ಲಿ, ಖಾಸಗಿ ಉದ್ಯಾನಗಳಲ್ಲಿ ಐವತ್ತು ಚಿಲ್ಲರೆ ಇದ್ದವು. ಅವುಗಳಲ್ಲಿ ಯಾವುದು ಯಾವುದರ ಕರು, ಯಾವುದು ಶುದ್ಧ ತಳಿ ಎಂದು ಒಂದೊಂದನ್ನೂ ನಮೂದಿಸಿ 1932ರಲ್ಲಿ ವಂಶಾವಳಿ ಪುಸ್ತಕವನ್ನು ಅಚ್ಚು ಹಾಕಿಸಿದರು. ಒಂದು ಕಾಡುಪ್ರಾಣಿಗೆ ಇಂಥ ಪುಸ್ತಕ ಬಂದದ್ದು ಅದೇ ಮೊದಲು. ಅದನ್ನು ನೋಡಿಕೊಂಡು ಜೋಡಿ ಕೂಡಿಸಿದರು. 1952ರಲ್ಲಿ ಪೋಲೆಂಡಿನ ಬಿಯಾವೊವಿಯೆಝಾ ಕಾಡಿಗೆ ಅವು ಮರಳಿದವು. ಇಂದು ಇರುವ ಸಾವಿರಾರು ಬೈಸನ್‌ಗಳೆಲ್ಲ ಕೇವಲ 12 ಪ್ರಾಣಿಗಳ ಸಂತತಿ. ಸಿಂಹದ ವಿಷಯದಲ್ಲಿ ಲೆಕ್ಕ ತಪ್ಪಿತು. ಗಿರ್ ಅರಣ್ಯದ ಏಷ್ಯಾ ಸಿಂಹಗಳೆಂದು ಅಮೆರಿಕದ ಮೃಗಾಲಯಗಳು ವರ್ಷಗಟ್ಟಲೆ ಸಾಕಿದ ಸಂತತಿಯನ್ನು 1987ರಲ್ಲಿ ಪರೀಕ್ಷಿಸಿದಾಗ, ಅದರ ಮೂಲದ ಐದು ಪ್ರಾಣಿಗಳಲ್ಲಿ ಎರಡರಲ್ಲಿ ಆಫ್ರಿಕದ ರಕ್ತವಿತ್ತು. ಪಂಜರದ ಮೇಲಿನ ಫಲಕ ಒಂದು, ಒಳಗಿನ ಪ್ರಾಣಿ ಇನ್ನೊಂದು. ನೋಡಲು ಬಂದವರಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು?

ಮೈಸೂರಿಗೆ ಸಂಬಂಧಿಸಿದ ಇನ್ನೊಂದು ಹೆಸರನ್ನು ಬಿಟ್ಟರೆ ಈ ಬರಹ ಅಪೂರ್ಣವಾದೀತು. ಇಪ್ಪತ್ತನೆಯ ಶತಮಾನದ ಬಹುಭಾಗ ಭಾರತದ ಮಹಾರಾಜರು, ಬ್ರಿಟಿಷ್ ಸಾಹೇಬರು ಹೊಡೆದ ಹುಲಿ-ಚಿರತೆಗಳು ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಗೆ ಬಂದು, ಬಾಯಿ ತೆರೆದು ಗುರುಗುಟ್ಟುವ ತಲೆಗಳಾಗಿ, ಕಂಬಳಿಗಳಾಗಿ ಜಗತ್ತಿನ ಮೂಲೆಮೂಲೆಗೆ ಹೋಗುತ್ತಿದ್ದವು. ಅವರ ಕೈಯಲ್ಲಿ ಹಾದುಹೋದ ಹುಲಿ-ಚಿರತೆಗಳು ಹತ್ತಾರು ಸಾವಿರ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಈ ಕಸುಬು ಸೊರಗಿ, 1990ರ ದಶಕದ ಕೊನೆಗೆ ಕಾರ್ಖಾನೆ ಮುಚ್ಚಿತು. ಕೆಲಸದ ನಯಕ್ಕೆ ಎರಡು ಮಾತಿಲ್ಲ. ಆದರೆ ಇಂಥ ಹುಲಿಯ ಮುಂದೆ ನಿಂತಾಗ ವನ್ಯಜೀವಿ ಪ್ರೇಮಿ ನೋಡಬೇಕಾದದ್ದು ಅದರ ಹಲ್ಲನ್ನಲ್ಲ, ಕೆಳಗಿನ ಫಲಕವನ್ನು. ಎಲ್ಲಿಯ ಕಾಡು, ಯಾವ ವರ್ಷ ಎಂದಿದ್ದರೆ ಆ ಕಾಡಿನಲ್ಲಿ ಆ ವರ್ಷ ಹುಲಿಯಿತ್ತು ಎಂಬುದಕ್ಕೆ ಅದೊಂದು ಸಾಕ್ಷಿ, ಇಂದು ಅಲ್ಲಿ ಕಬ್ಬಿನ ಗದ್ದೆಯೇ ಇರಲಿ. ಹೊಡೆದ ರಾಜರ ಹೆಸರು ಮಾತ್ರ ಇದ್ದರೆ ಅದು ಅರಮನೆಯ ಪೀಠೋಪಕರಣ.

ಚೀಟಿಗೆ ಬೆಂಕಿಯ ಭಯವೂ ಇದೆ. 1978ರಲ್ಲಿ ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ 2016ರ ಏಪ್ರಿಲ್ 26ರ ರಾತ್ರಿ ಸುಟ್ಟುಹೋಯಿತು. ಎರಡು ವರ್ಷದ ನಂತರ, 2018ರ ಸೆಪ್ಟೆಂಬರಿನಲ್ಲಿ, ಬ್ರೆಜಿಲಿನ 200 ವರ್ಷ ಹಳೆಯ ರಾಷ್ಟ್ರೀಯ ಮ್ಯೂಸಿಯಂ. ಅಲ್ಲಿ ಸುಮಾರು 2 ಕೋಟಿ ವಸ್ತುಗಳಿದ್ದವು, ಹೆಚ್ಚಿನವು ಬೂದಿಯಾದವು. ಸುಟ್ಟ ಹುಲಿಗೆ ಬದಲಾಗಿ ಇನ್ನೊಂದು ಹುಲಿಯನ್ನು ತಂದು ನಿಲ್ಲಿಸಬಹುದು. ನೂರೈವತ್ತು ವರ್ಷದ ಹಿಂದೆ ಇಂಥ ಹೊಳೆಯ ದಂಡೆಯಲ್ಲಿ ಇಂಥ ದಿನ ಹಿಡಿದ ಜೀರುಂಡೆಯನ್ನು ಮತ್ತೆ ಯಾವ ದುಡ್ಡು ಕೊಟ್ಟೂ ತರಲಾಗದು.

ಆಕ್ಸ್‌ಫರ್ಡಿನಲ್ಲಿ ಹಾಳು ಮಾಡಲು ಬೆಂಕಿಯೂ ಬೇಕಾಗಲಿಲ್ಲ, ಹುಳು ಸಾಕಾಯಿತು. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಹದಿನೇಳನೆಯ ಶತಮಾನದ ಒಂದು ಡೋಡೋ ಹಕ್ಕಿಯಿತ್ತು. ಹುಳುಹಿಡಿದು ಕೊಳೆತಿದೆಯೆಂದು 1755ರಲ್ಲಿ ಅದನ್ನು ತೆಗೆದುಹಾಕಿದರು; ಉಳಿದದ್ದು ತಲೆ, ಒಂದು ಪಾದ. ಜಗತ್ತಿನಲ್ಲಿ ಡೋಡೋದ ಚರ್ಮ-ಮಾಂಸ ಉಳಿದಿರುವುದು ಅದೊಂದರಲ್ಲೇ. 2002ರಲ್ಲಿ ಅದರ ಡಿಎನ್‌ಎ ಓದಿದಾಗ ಡೋಡೋದ ಅತಿ ಹತ್ತಿರದ ಜೀವಂತ ನೆಂಟ ಯಾರೆಂದು ಗೊತ್ತಾಯಿತು: ನಮ್ಮ ನಿಕೋಬಾರ್ ದ್ವೀಪಗಳಲ್ಲಿರುವ, ನವಿಲುಬಣ್ಣದ ನಿಕೋಬಾರ್ ಪಾರಿವಾಳ. ಯಾವುದಾದರೂ ಮೃಗಾಲಯದಲ್ಲಿ ಆ ಹಕ್ಕಿ ಕಂಡರೆ ಐದು ನಿಮಿಷ ಹೆಚ್ಚು ನಿಲ್ಲಿ. ಆಕ್ಸ್‌ಫರ್ಡಿನ ಡೋಡೋ ಲಂಡನ್ನಿನಲ್ಲಿ ದುಡ್ಡು ಪಡೆದು ಜೀವಂತ ಪ್ರದರ್ಶಿಸುತ್ತಿದ್ದ ಹಕ್ಕಿಯೇ ಇರಬೇಕೆಂದು ಬಹಳ ಕಾಲ ನಂಬಿದ್ದರು. 2018ರಲ್ಲಿ ಅದರ ತಲೆಯನ್ನು ಸ್ಕ್ಯಾನ್ ಮಾಡಿ ನೋಡಿದರು. ತಲೆಯ ಹಿಂಭಾಗದಲ್ಲಿ ಸೀಸದ ಚಿಕ್ಕ ಚಿಕ್ಕ ಗುಂಡುಗಳಿದ್ದವು; ಯಾರೋ ಹಿಂದಿನಿಂದ ಬಂದೂಕು ಹಾರಿಸಿದ್ದರು. ಎಲ್ಲಿ, ಯಾವಾಗ, ಯಾರು ಎಂಬುದನ್ನು ಹೇಳುವ ಚೀಟಿ ಅದರ ಕಾಲಿಗಿರಲಿಲ್ಲ.